ಇಲಿ ಮನೆಯ ಲೆಕ್ಕ

ನಾನು ಹೂವು ಮುಡಿಯುವುದಿಲ್ಲ. ಹೊಸೂರಿನ ಸುತ್ತಮುತ್ತ ಊರಿಗೊಂದು ರೋಜಾ ತೋಟ. ಇಂಥ ಕಡೆ ಮದುವೆಯಾದ ಹೆಂಗಸು ಬರಿ ತಲೆಯಲ್ಲಿ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಮೊದಲು ಕುತ್ತಿಗೆ ನೋಡುತ್ತಾರೆ, ತಾಳಿ ಇದೆಯೋ ಇಲ್ಲವೋ ಅಂತ. ಇದೆ ಅಂತ ಗೊತ್ತಾದ ಮೇಲೆ ಇನ್ನೂ ಜಾಸ್ತಿ ನೋಡುತ್ತಾರೆ. ನನ್ನದು ಇಲಿಗಳ ಮನೆಯಲ್ಲಿ ಕೆಲಸ, ಇಲಿಗಳಿಗೆ ಹೂವಿನ ವಾಸನೆ ಆಗಿಬರುವುದಿಲ್ಲ, ಪೌಡರು ಕೂಡ ಹಾಕುವ ಹಾಗಿಲ್ಲ ಎಂದು ಎಷ್ಟು ಜನಕ್ಕೆ ಬಿಡಿಸಿ ಹೇಳಲಿ? ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಬಿಡಿಸಿ ಹೇಳುವುದರ ಮೇಲೇ ನನಗೀಗ ಜುಗುಪ್ಸೆ.

ಔಷಧಿ, ಲಸಿಕೆಗಳನ್ನು ಮನುಷ್ಯರಿಗೆ ಕೊಡುವ ಮೊದಲು ಇಲಿಗಳ ಮೇಲೆ ನೋಡುವ ಒಂದು ಖಾಸಗಿ ಸಂಸ್ಥೆ ನಮ್ಮದು. ಹೊಲಗದ್ದೆಯ ಇಲಿಗಳಲ್ಲ ಇವು. ಅಂಗೈಯಲ್ಲಿ ಹಿಡಿಸುವ, ಕೆಂಪು ಕಣ್ಣಿನ ಬಿಳಿ ಇಲಿಗಳು, ಗುಂಡುಕಣ್ಣಿನ ಕರಿ ಇಲಿಗಳು. ಪೆಟ್ಟಿಗೆಗಳೊಳಗೆ ಸೋಸಿದ ಗಾಳಿ, ಕಾಯಿಸಿ ಆರಿಸಿದ ನೀರು. ನಮ್ಮ ಊರಿನ ಬಾಣಂತಿಯರಿಗೂ ಅಂಥ ಉಪಚಾರವಿಲ್ಲ. ಮೊದಲು ನಾನು ಪೆಟ್ಟಿಗೆ ಬದಲಿಸುವವಳಾಗಿ ಸೇರಿದೆ. ಕೃಷ್ಣಗಿರಿಯಲ್ಲಿ ಓದಿದ ಬಿ.ಎಸ್ಸಿ. ಇತ್ತಾದ್ದರಿಂದ ಆಮೇಲೆ ಒಳಗಿನ ಲ್ಯಾಬಿಗೆ ಹಾಕಿದರು.

ಒಳಗಿನ ಕೆಲಸ ಇಷ್ಟು. ಲಸಿಕೆ ಚುಚ್ಚಿಸಿಕೊಂಡ ಇಲಿಯ ಹೊಟ್ಟೆಯಿಂದ ಗುಲ್ಮ ಅನ್ನುವ, ಹುರುಳಿಕಾಯಿಯೊಳಗಿನ ಬೀಜದಷ್ಟು ಸಣ್ಣ ಅಂಗವನ್ನು ತೆಗೆಯಬೇಕು. ರೋಗದ ಜೊತೆ ಹೋರಾಡುವ ಕೋಶಗಳು ಅದರಲ್ಲಿ ತುಂಬಿಕೊಂಡಿರುತ್ತವೆ. ಅವನ್ನು ಬಿಡಿಸಿ, ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಕಿ, ಮೇಲೆ ರೋಗಾಣುವಿನ ಚೂರನ್ನು ಬಿಡಬೇಕು. ಕೋಶಗಳು ಶತ್ರುವನ್ನು ಗುರುತಿಸಿ ಕೂಗು ಹಾಕಿದರೆ, ಕೊನೆಗೆ ಆ ಗುಳಿಯ ನೀರು ಹಳದಿಯಾಗುತ್ತದೆ. ಕೂಗದಿದ್ದರೆ ನೀರು ನೀರಾಗಿಯೇ ಇರುತ್ತದೆ.

ಆಗ ನಮ್ಮಲ್ಲಿದ್ದ ಕರಿ ತಳಿಯ ಕೋಶಗಳು ಕೂಗುವಂಥವು. ಬಿಳಿ ತಳಿಯವು ಮೂಕ. ಅದು ಇಲಿ ತಿಂದ ಕಾಳಿನಿಂದ ಬಂದದ್ದಲ್ಲ, ನಾವು ಸಾಕಿದ ರೀತಿಯಿಂದ ಬಂದದ್ದೂ ಅಲ್ಲ, ಅಪ್ಪ ಅಮ್ಮನಿಂದ ಬಂದದ್ದು. ಎರಡನ್ನೂ ಕೂಡಿಸಿದರೆ ಹುಟ್ಟುವ ಕಂದು ಮರಿಗಳೆಲ್ಲ ಕೂಗುತ್ತವೆ. ಆದರೆ ಆ ಕಂದು ಮರಿಗಳನ್ನು ಅವುಗಳೊಳಗೇ ಕೂಡಿಸಿ ನೋಡಿ. ಮೊಮ್ಮಕ್ಕಳಲ್ಲಿ ನಾಲ್ಕರಲ್ಲೊಂದು ಮತ್ತೆ ಮೂಕ. ಮೈಬಣ್ಣ ನೋಡಿ ಯಾವುದು ಅಂತ ಹೇಳಲು ಬರುವುದಿಲ್ಲ. ಎಲ್ಲವೂ ಒಂದೇ ಥರ ಆಡುತ್ತವೆ, ಒಂದೇ ಥರ ಮೂಗು ಅಲ್ಲಾಡಿಸುತ್ತವೆ.

ಒಂದು ತಳಿಯನ್ನು ಕಟ್ಟಬೇಕಾದರೆ ಅಣ್ಣ ತಂಗಿ ಇಲಿಗಳನ್ನೇ ಇಪ್ಪತ್ತು ತಲೆಮಾರು ಕೂಡಿಸುತ್ತಾರೆ ಎಂದು ತರಬೇತಿ ಕೊಟ್ಟ ಮೇಡಂ ಹೇಳಿದ ದಿನ ನನ್ನ ಜೊತೆಯ ತಮಿಳು ಹುಡುಗಿಯರು ಮುಖ ಹಿಂಡಿದರು. ನಾನು ಒಳಗೊಳಗೇ ನಕ್ಕೆ. ನಾವು ಅಷ್ಟು ದೂರ ಹೋಗಿಲ್ಲ, ಅಕ್ಕನ ಮಗಳ ತನಕ ಬಂದು ನಿಂತಿದ್ದೇವೆ ಅಂದುಕೊಂಡೆ. ಅವತ್ತಿಗೆ ನನ್ನ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ನನ್ನ ಗಂಡ ನನ್ನ ತಾಯಿಯ ಒಡಹುಟ್ಟಿದ ತಮ್ಮ.

ನನ್ನ ಅಪ್ಪ ನಾನು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡ. ಅಮ್ಮ ನನ್ನನ್ನೆತ್ತಿಕೊಂಡು ಉದ್ದನಪಲ್ಲಿಯ ಹತ್ತಿರದ ತವರಿಗೆ ಬಂದಳು. ನಾನು ಬೆಳೆದದ್ದು ಅಜ್ಜಿಯ ಮನೆಯಲ್ಲಿ, ಮಾವನ ಸೈಕಲ್ ಕ್ಯಾರಿಯರ್ ಮೇಲೆ. ಶಾಲೆಗೆ ಬಿಡುತ್ತಿದ್ದವನೂ ಅವನೇ, ಪೆನ್ಸಿಲ್ ಕೆತ್ತಿ ಕೊಡುತ್ತಿದ್ದವನೂ ಅವನೇ. ದೊಡ್ಡವಳಾದ ಮೇಲೆ ಅವನಿಗೇ ಕೊಡುವುದು ಅಂತ ಎಲ್ಲರಿಗೂ ಗೊತ್ತಿದ್ದ ಮಾತು. ನಮ್ಮ ಕಡೆ ಅದನ್ನು ಕೇಳುವುದೇ ಇಲ್ಲ, ಬೇರೆ ಕಡೆ ಕೊಟ್ಟರೆ ಮಾತ್ರ ಯಾಕೆ ಅಂತ ಕೇಳುತ್ತಾರೆ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ನನಗೆ ಅವನೆಂದರೆ ಪ್ರಾಣ. ಮದುವೆಯಾದ ಮೇಲೂ ಮಾವ ಅಂತಲೇ ಕರೆದೆ, ಈಗಲೂ ಬಾಯಿಗೆ ಬರುವುದು ಅದೇ. ಅತ್ತೆಯೂ ಅಜ್ಜಿಯೂ ಒಬ್ಬಳೇ ಆದ್ದರಿಂದ ಅತ್ತೆಯ ಕಾಟ ಅಂದರೇನು ಅಂತ ನನಗೆ ಗೊತ್ತಾಗಲಿಲ್ಲ. ನನ್ನ ಅದೃಷ್ಟ ನೋಡಿ ಓರಗೆಯವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಮಾವನಿಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ, ನನಗೆ ಇಲಿ ಮನೆ, ಇಬ್ಬರಿಗೂ ಹತ್ತಿರವಾಗುವ ಹಾಗೆ ಒಂದು ಬಾಡಿಗೆ ಮನೆ.

ಮಗಳು ಹುಟ್ಟಿದಳು. ಎಲ್ಲ ಮಕ್ಕಳಿಗೂ ಹಾಕುವಂತೆ ಕ್ಷಯದ ಲಸಿಕೆಯನ್ನು ಎಡತೋಳಿಗೆ ಹಾಕಿದರು. ಆ ಲಸಿಕೆ ತಪ್ಪೆಂದು ನಾನು ಯಾವತ್ತೂ ಹೇಳುವುದಿಲ್ಲ, ನನಗೂ ಹಾಕಿದ್ದಾರೆ, ಊರಿನ ಎಲ್ಲ ಮಕ್ಕಳ ತೋಳಲ್ಲೂ ಅದರ ಗುರುತಿದೆ. ಒಂದು ಗುಳ್ಳೆಯಾಗಿ, ಒಡೆದು, ಒಣಗಿ ಹೋಗಬೇಕು. ನನ್ನ ಮಗಳದು ಒಣಗಲಿಲ್ಲ. ಗಾಯ ಅಗಲವಾಗುತ್ತ ಹೋಯಿತು. ಆಮೇಲೆ ಕಂಕುಳಲ್ಲಿ ಗಂಟು ಬಂತು. ಸ್ನಾನ ಮಾಡಿಸುವಾಗ ನನ್ನ ಬೆರಳಿಗೆ ಆ ಗಂಟು ಸಿಕ್ಕಿದ ಕೂಡಲೇ ನನಗೆ ಗುರುತು ಹತ್ತಿತು. ಬಿಳಿ ಇಲಿಗಳಿಗೆ ಅದೇ ಲಸಿಕೆಯಲ್ಲಿರುವ, ಬಲ ಕುಂದಿಸಿದ ಜೀವಂತ ರೋಗಾಣುವನ್ನು ಕೊಟ್ಟಾಗ ಬರುವ ಗಂಟುಗಳನ್ನು ನಾನು ದಿನಾ ಮುಟ್ಟಿ ನೋಡುತ್ತಿದ್ದೆ.

ಅಜ್ಜಿ ಅರಿಶಿನ ಹಚ್ಚಿದಳು. ಹೊಸೂರಿನ ಡಾಕ್ಟರು ಕ್ಷಯದ ಔಷಧಿಯನ್ನೇ ಶುರು ಮಾಡಿದರು, ಅದು ಸರಿಯಾದ ಔಷಧಿಯೇ. ಆದರೂ ಜ್ವರ ಇಳಿಯಲಿಲ್ಲ, ಹೊಟ್ಟೆ ಉಬ್ಬಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಮಗುವಿನ ರಕ್ತ ತೆಗೆದು, ಕೋಶಗಳನ್ನು ಬೇರೆ ಮಾಡಿ, ಮೇಲೆ ರೋಗಾಣುವಿನ ಚೂರು ಬಿಟ್ಟು ನೋಡಿದರು. ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಬಹಳ ಮೆಲ್ಲಗೆ, ಹಳ್ಳಿಯವರಿಗೆ ಅರ್ಥವಾಗುವ ಹಾಗೆ ಹೇಳತೊಡಗಿದರು. ನಾನು ಅರ್ಧದಲ್ಲೇ ತಡೆದು, ಕೋಶ ಕೂಗ್ತಿಲ್ವಾ ಮೇಡಂ, ಅಂದೆ. ಅವರು ನನ್ನ ಮುಖ ನೋಡಿದರು. ಇಲ್ಲಮ್ಮ, ಅಂದರು. ಅಸ್ಥಿಮಜ್ಜೆ ಬದಲಿಸುವ ಚಿಕಿತ್ಸೆ ಇದೆ, ಆದರೆ ಮೊದಲು ಸೋಂಕು ಹತೋಟಿಗೆ ಬರಬೇಕು ಅಂದರು. ಅದು ಹತೋಟಿಗೆ ಬರಲಿಲ್ಲ. ಮಗು ಇನ್ನೂ ಸರಿಯಾಗಿ ಕೂರಲು ಕಲಿತಿರಲಿಲ್ಲ. ಹೋಗಿಬಿಟ್ಟಳು.

ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ನಮ್ಮಿಬ್ಬರ ರಕ್ತವನ್ನೂ ನೋಡಿದರು. ಕೋಶಗಳನ್ನು ಕೂಗಿಸುವ ಜೀನಿನ ಒಂದು ಕೆಟ್ಟ ಪ್ರತಿ ನನ್ನಲ್ಲಿ, ಮಾವನಲ್ಲಿ ಅದೇ ಕೆಟ್ಟ ಪ್ರತಿ. ಒಂದೊಂದೇ ಇದ್ದರೆ ಏನೂ ಆಗುವುದಿಲ್ಲ, ನಾವಿಬ್ಬರೂ ಗುಂಡುಕಲ್ಲಿನ ಹಾಗೆ ಇದ್ದೆವು. ಎರಡೂ ಒಂದೇ ಮಗುವಿಗೆ ಹೋದರೆ ಮಾತ್ರ ಮೂಕ. ಯಾವ ಮುತ್ತಜ್ಜನಿಂದ ಇಳಿದು ಬಂತೋ, ಹೊರಗೆ ಹೋಗಲು ದಾರಿಯಿಲ್ಲದೆ ನಮ್ಮ ಮನೆಯೊಳಗೇ ಸುತ್ತುತ್ತಿತ್ತು. ನಮ್ಮ ಬೀದಿಯಲ್ಲಿ ಸೋದರಮಾವನನ್ನು ಮದುವೆಯಾದವರು ಬೇಕಾದಷ್ಟು ಜನ ಇದ್ದಾರೆ, ಅವರ ಮಕ್ಕಳು ಹಗಲೆಲ್ಲ ಬೀದಿ ಕಿತ್ತುಹಾಕುತ್ತವೆ. ನಮಗೇ ಯಾಕೆ ಅಂತ ಡಾಕ್ಟರಮ್ಮನನ್ನು ಕೇಳಿದೆ. ನಿಮ್ಮ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಾಧ್ಯತೆ ಅಂದರು.

ವಾಪಸು ಬರುವಾಗ ಅತ್ತಿಬೆಲೆ ದಾಟಿದ ಮೇಲೆ ಮಾವ ಬಸ್ಸಿನಲ್ಲಿ ಮೊದಲ ಸಲ ಬಾಯಿಬಿಟ್ಟ.

"ನಾಕ್ರಲ್ಲಿ ಒಂದು ಹೋಗ್ಬುಟ್ತು ಕಣೇ. ಇನ್ನ ಮೂರು ಉಳ್ಕಂತವೆ."

ಅವನ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ ಅದು ಹಾಗಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಇಲಿ ಮನೆಯಲ್ಲಿ ನೋಡಿದ್ದೆ, ಒಂದೇ ಸೂಲಿನಲ್ಲಿ ಒಂದೂ ಮೂಕ ಮರಿ ಇಲ್ಲದೆ ಇರುವುದುಂಟು, ಮುಕ್ಕಾಲು ಪಾಲು ಮೂಕವೇ ಆಗುವುದೂ ಉಂಟು. ಹಿಂದೆ ಏನು ಹುಟ್ಟಿತ್ತು ಅಂತ ಗರ್ಭಕ್ಕೆ ನೆನಪಿರುವುದಿಲ್ಲ.

ಎರಡನೆಯ ಸಲ ಬಸುರಿಯಾದಾಗ ಮೂರನೆಯ ತಿಂಗಳಿಗೇ ಪರೀಕ್ಷೆ ಮಾಡಿಸಿದೆವು. ಫಲಿತಾಂಶ ಬರುವ ತನಕ ಮಾವ ಕಾರ್ಖಾನೆಯಿಂದ ಬಂದವನೇ ಎಲ್ಲ ಪಾತ್ರೆ ತೊಳೆದಿಡುತ್ತಿದ್ದ, ನನಗೆ ಒಂದು ಲೋಟ ಎತ್ತಲೂ ಬಿಡುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಏನೋ ಗೊಣಗುತ್ತಿದ್ದ, ದೇವರಿಗೋ ಮಗುವಿಗೋ. ಫೋನು ಬಂತು. ಅದೂ ಮೂಕ. ಇನ್ನೊಂದು ಮಗುವನ್ನು ಆ ಗಾಯದ ಜೊತೆ ತೊಟ್ಟಿಲಲ್ಲಿ ನೋಡುವ ಶಕ್ತಿ ನನಗಿರಲಿಲ್ಲ. ತೆಗೆಸಿಕೊಂಡೆ. ಒಂದು ವಾರ ಬಿಟ್ಟು ಕೆಲಸಕ್ಕೆ ಹೋದೆ. ಲ್ಯಾಬಿನ ಮೇಜಿನ ಮುಂದೆ ಕೂತು, ಹಳದಿಯಾಗದೆ ಉಳಿದ ಗುಳಿಗಳನ್ನು ನೋಡುತ್ತಿದ್ದರೆ ತಟ್ಟೆಯನ್ನು ಎತ್ತಿ ಗೋಡೆಗೆ ಬೀಸಿ ಹೊಡೆಯಬೇಕು ಅನ್ನಿಸುತ್ತಿತ್ತು. ಹೊಡೆಯಲಿಲ್ಲ. ನನ್ನ ಸಿಟ್ಟೆಲ್ಲ ಇಷ್ಟೇ, ಒಳಗೇ ಕುದ್ದು ಒಳಗೇ ಆರುವಂಥದ್ದು.

ಆದರೆ ನಾನು ಕೈಚೆಲ್ಲಿರಲಿಲ್ಲ. ಇದನ್ನು ಬರೆದಿಡಬೇಕು. ನನ್ನ ತಲೆಯಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ನಾಲ್ಕರಲ್ಲಿ ಒಂದು ಪಾಲು ಕೇಡು ಅಂದರೆ ಮೂರು ಪಾಲು ಒಳ್ಳೆಯದು. ಮತ್ತೆ ಬಸುರಿಯಾಗಬಹುದು, ಮತ್ತೆ ಪರೀಕ್ಷೆ ಮಾಡಿಸಬಹುದು. ನಮ್ಮ ಮಗು ಬದುಕಿ ಅಂಗಳದಲ್ಲಿ ಓಡಾಡುವುದು ಕನಸಲ್ಲ, ಅದೂ ಅದೇ ಲೆಕ್ಕದೊಳಗೇ ಇತ್ತು. ನನಗೆ ಬೇಕಾಗಿದ್ದದ್ದು ಅದೊಂದೇ, ಮಾವನದೂ ನನ್ನದೂ ಆದ ಒಂದು ಬದುಕುವ ಮಗು. ಇನ್ನೊಂದು ಸಲ ನೋಡೋಣ ಅಂತ ಮಾವನಿಗೆ ಹೇಳಿದೆ. ಅವನು ಸ್ವಲ್ಪ ದಿನ ಹೋಗಲಿ ಅಂದ.

ಆ ಸ್ವಲ್ಪ ದಿನದಲ್ಲೇ ಒಂದು ಭಾನುವಾರ ಊರಿಗೆ ಹೋಗಿದ್ದೆ. ಸಾನಮಾವು ಕಾಡಿನಿಂದ ಆನೆಗಳು ಇಳಿದು ರಾಗಿ ಹೊಲಕ್ಕೆ ನುಗ್ಗಿದ್ದವು ಅಂತ ಗಂಡಸರೆಲ್ಲ ಆ ಕಡೆ ಹೋಗಿದ್ದರು. ಅಜ್ಜಿ ಜಗುಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಅಮ್ಮ ನಾರು ಬಿಡಿಸುತ್ತಿದ್ದಳು. ಅಜ್ಜಿ ತಲೆ ಎತ್ತದೆ ಕೇಳಿದಳು.

"ಅದೇನ್ ಕಣಮ್ಮ ಆ ಡಾಕ್ಟ್ರಮ್ಮ ಹೇಳಿದ್ದು? ನಂಗೊಂದ್ಸಲ ಬಿಡಿಸಿ ಹೇಳು. ನಿಮ್ಮಾವನ್ನ ಕೇಳಿದ್ರೆ ಏನೂ ಅನ್ನಲ್ಲ, ಎದ್ದು ಹೋಗ್ಬುಡ್ತಾನೆ."

ಅಲ್ಲಿಯ ತನಕ ಅಜ್ಜಿಯ ಪ್ರಕಾರ ಅದು ದೃಷ್ಟಿ, ಅಥವಾ ಯಾವುದೋ ಬಿಟ್ಟುಹೋದ ಹರಕೆ. ಆಕೆ ಹೀಗೆ ಕೇಳಿದ್ದು ನನಗೆ ಎಷ್ಟು ಹಿತವಾಯಿತೆಂದರೆ ಅಲ್ಲೇ ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಕೆಲವು ಹುಣಸೆ ಬೀಜ ತೆಗೆದುಕೊಂಡು, ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದೆ. ಕರಿ ಬೀಜ ಕೂಗುವುದು, ಉಜ್ಜಿದ್ದು ಮೂಕ. ಒಬ್ಬೊಬ್ಬರ ಮೈಯಲ್ಲೂ ಎರಡೆರಡು ಬೀಜ ಇರುತ್ತೆ ಅಜ್ಜಿ, ಅಪ್ಪನಿಂದ ಒಂದು ಅಮ್ಮನಿಂದ ಒಂದು. ಮಾವನಲ್ಲಿ ಒಂದು ಕರಿ, ಒಂದು ಬಿಳಿ. ನನ್ನಲ್ಲೂ ಅಷ್ಟೇ. ಮಗುವಿಗೆ ಇಬ್ಬರಿಂದಲೂ ಒಂದೊಂದು ಹೋಗುತ್ತೆ, ಯಾವುದು ಅಂತ ಯಾರ ಕೈಯಲ್ಲೂ ಇಲ್ಲ. ಜಗುಲಿಯ ಮೇಲೆ ಜೋಡಿ ಜೋಡಿ ಇಟ್ಟು ತೋರಿಸಿದೆ. ಇಲಿಗಳ ವಿಷಯ ಹೇಳಿದೆ, ಬಿಳಿ ತಳಿ, ಕರಿ ತಳಿ, ಕಂದು ಮರಿ. ಅಮ್ಮನೂ ನಾರು ಬಿಟ್ಟು ಬಗ್ಗಿ ನೋಡಿದಳು.

ಅಜ್ಜಿಗೆ ಓದು ಬರುವುದಿಲ್ಲ, ಆದರೆ ತಲೆ ಓಡುತ್ತದೆ. ಸ್ವಲ್ಪ ಹೊತ್ತು ಬೀಜಗಳನ್ನೇ ನೋಡಿದಳು. ಆಮೇಲೆ ನನ್ನ ಪಾಲಿನ ಎರಡು ಬೀಜಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಅವುಗಳ ಜಾಗದಲ್ಲಿ ಎರಡು ಕರಿ ಬೀಜ ಇಟ್ಟಳು.

"ಹಿಂಗಿದ್ರೆ?"

"ಹಂಗಿದ್ರೆ ಏನೂ ಆಗಲ್ಲ ಅಜ್ಜಿ. ಹೊರಗಿನ್ ತಳಿ ಆದ್ರೆ ಮರಿ ಎಲ್ಲಾ ಚೆನ್ನಾಗಿರ್ತವೆ."

"ಎಲ್ಲಾ?"

"ಎಲ್ಲಾ."

ಅಜ್ಜಿ ತಲೆಯಾಡಿಸಿದಳು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ನನ್ನ ಮಾತು ಒಬ್ಬರಿಗೆ ಪೂರ್ತಿ ಅರ್ಥವಾಯಿತು ಅಂತ ನನಗೆ ಸಂತೋಷವಾಯಿತು. ಹೌದು, ಸಂತೋಷ. ಅವತ್ತು ರಾಗಿಮುದ್ದೆ ಎರಡು ಉಂಡೆ.

ಆಮೇಲೆ ಒಂದೆರಡು ತಿಂಗಳು ಮಾವ ಪ್ರತಿ ರಜೆಗೂ ಒಬ್ಬನೇ ಊರಿಗೆ ಹೋಗತೊಡಗಿದ. ಹೊಲದ ಕೆಲಸ ಅಂದ. ಮನೆಯಲ್ಲಿ ಇದ್ದಾಗಲೂ ನನ್ನ ಕಡೆ ನೋಡುತ್ತಿರಲಿಲ್ಲ. ಇನ್ನೊಂದು ಸಲ ನೋಡೋಣ ಮಾವ ಅಂತ ಮತ್ತೆ ಕೇಳಿದಾಗ, ನನ್ ಕೈಲಿ ಇನ್ನ ಆಗಲ್ಲ ಕಣೇ, ಆ ಫೋನ್ಗೆ ಕಾಯೋಕಾಗಲ್ಲ, ಅಂದು ಮುಖ ಮುಚ್ಚಿಕೊಂಡ. ನಾನು ಅವನ ಬೆನ್ನು ಸವರಿದೆ. ನೋವಿಗೆ ಹೀಗಾಗಿದ್ದಾನೆ, ಸರಿಹೋಗುತ್ತಾನೆ ಅಂದುಕೊಂಡೆ. ನನ್ನ ದಡ್ಡತನಕ್ಕೆ ನನಗೇ ನಗು ಬರುತ್ತದೆ, ಆ ನಗುವಿನಲ್ಲಿ ಏನೂ ಸುಖವಿಲ್ಲ.

ಒಂದು ಮಧ್ಯಾಹ್ನ ಅಮ್ಮ ಒಬ್ಬಳೇ ಹೊಸೂರಿಗೆ ಬಂದಳು. ಚೀಲದಲ್ಲಿ ಟೊಮೇಟೊ, ಬದನೆಕಾಯಿ, ಒಂದು ಡಬ್ಬಿ ತುಪ್ಪ. ಅಡುಗೆ ಮನೆಯಲ್ಲಿ ಎಲ್ಲವನ್ನೂ ಜೋಡಿಸಿಟ್ಟು, ನೀರು ಕುಡಿದು, ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು.

"ಗುಮ್ಮಳಾಪುರದ ಕಡೆ ಒಂದು ಹೆಣ್ಣೈತೆ ಕಣೇ. ಅಪ್ಪ ಅಮ್ಮ ಇಲ್ದಿದ್ ಹುಡ್ಗಿ, ಪಾಪ. ನಿಮ್ಮಜ್ಜಿ ಎಲ್ಲಾ ವಿಚಾರ್ಸವ್ಳೆ. ನಮ್ಗೂ ಅವ್ರಿಗೂ ಏಳು ತಲೆಯಿಂದ ಕೊಟ್ಟು ತಂದಿಲ್ಲ."

ಮೊದಲು ನನಗೆ ತಿಳಿಯಲಿಲ್ಲ. ಯಾರಿಗೆ ಹೆಣ್ಣು ಅಂತ ಕೇಳಿಯೂ ಕೇಳಿದೆ. ಅಮ್ಮ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆಗ ತಿಳಿಯಿತು. ಜನ ಹೆಣ್ಣು ನೋಡುವಾಗ ಜಾತಕ ಕೇಳುತ್ತಾರೆ, ಮೈಬಣ್ಣ ನೋಡುತ್ತಾರೆ. ನನ್ನ ಅಜ್ಜಿ ತಳಿ ನೋಡಿದ್ದಳು. ನಾನು ಜಗುಲಿಯಲ್ಲಿ ಕೂತು ಹೇಳಿಕೊಟ್ಟದ್ದನ್ನು ಒಂದಿಷ್ಟೂ ಬಿಡದೆ, ತಪ್ಪಿಲ್ಲದೆ ಮಾಡಿದ್ದಳು.

"ಮಾವ ಒಪ್ಪಿದ್ನಾ?"

"ಬ್ಯಾಡ ಬ್ಯಾಡ ಅಂತಿದ್ದ. ಒಂದಿನ ಪೂರಾ ಅತ್ತ. ಆಮೇಲೆ ಒಪ್ಕಂಡ. ಅವನ್ಗೂ ಒಂದು ಮಗು ಅಂತ ಬ್ಯಾಡ್ವಾ ಮಗಳೇ, ನೀನೇ ಯೋಚ್ನೆ ಮಾಡು. ನೀನೇ ಹೇಳ್ದೆ ಅಲ್ವಾ, ಹೊರಗಿಂದ ತಂದ್ರೆ ಎಲ್ಲಾ ಚೆನ್ನಾಗಿರ್ತವೆ ಅಂತ. ನಿನ್ನನ್ಯಾರು ಬಿಡ್ತಾರೆ? ನೀನು ನಮ್ಮನೆ ಮಗಳು. ಊರಿಗೆ ಬಂದುಬುಡು, ನನ್ ಜೊತೆ ಇರು."

"ಇದು ಕಾನೂನ್ಗೆ ತಪ್ಪಮ್ಮ."

"ಹಂಗಂತ ಸ್ಟೇಷನ್ಗೆ ಹೋಯ್ತೀಯಾ? ಯಾರ್ ಮೇಲೆ ಕೊಡ್ತೀಯಾ? ಅವನ್ ಮೇಲಾ, ನಿಮ್ಮಜ್ಜಿ ಮೇಲಾ, ನನ್ ಮೇಲಾ?"

ಗದರಿಸಿ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದಳು. ಬೇರೆ ಹೆಣ್ಣಾದರೆ ಗಂಡನ ಮನೆಯಲ್ಲಿ ಅನ್ಯಾಯವಾಯಿತು ಅಂತ ತವರಿಗೆ ಓಡುತ್ತಾಳೆ, ಅಮ್ಮನ ಮಡಿಲಲ್ಲಿ ಬಿದ್ದು ಅಳುತ್ತಾಳೆ, ಅಣ್ಣನೋ ಮಾವನೋ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನ್ಯಾಯ ಕೇಳಲು ಹೋಗುತ್ತಾರೆ. ನನಗೆ ಓಡಿಹೋಗಲು ಇರುವುದೂ ಅದೇ ಮನೆ, ಓಡಿ ಬರಬೇಕಾದದ್ದೂ ಅದೇ ಮನೆಯಿಂದ. ನನ್ನ ಪರವಾಗಿ ಜಗಳಕ್ಕೆ ಹೋಗಬೇಕಾದ ಸೋದರಮಾವನೇ ಮದುಮಗ. ನನ್ನ ಕೈ ಹಿಡಿದು ಕೂತಿದ್ದ ಅಮ್ಮನೇ ಗಂಡಿನ ಕಡೆಯವಳು.

ಕೊನೆಗೆ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನು ಅಷ್ಟು ದಿನ ಯಾಕೆ ನಾನೇ ಯೋಚಿಸಿರಲಿಲ್ಲವೋ ಗೊತ್ತಿಲ್ಲ. "ಆ ಲೆಕ್ಕ ನಂಗೂ ಅಷ್ಟೇ ಅಲ್ವೇನಮ್ಮ? ನನ್ನ ಹೊರಗೆ ಕೊಟ್ಟಿದ್ರೆ ನನ್ ಮಕ್ಳೂ ಬದುಕ್ತಿದ್ವು. ಈಗ ಕೊಟ್ರೂ ಬದುಕ್ತವೆ."

ಅಮ್ಮ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣೆದುರಿಗಿದೆ. ಕೋಪವಿರಲಿಲ್ಲ. ಅರ್ಥವಾಗದ ಭಾಷೆಯಲ್ಲಿ ಮಾತಾಡಿದವರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ತಲೆ ಸವರಿ, ನಿಂಗೇನ್ ಕಣಮ್ಮ ಅಂಥ ಗತಿ ಬಂದಿರೋದು, ನಾವಿಲ್ವಾ, ಅಂದಳು. ಬೀಜಗಳನ್ನು ಇಟ್ಟು ತೋರಿಸಿದಾಗ ಆಕೆಯೂ ಬಗ್ಗಿ ನೋಡಿದ್ದಳು. ಮಾವನ ಎರಡು ಬೀಜಕ್ಕೆ ಹೊಸ ಜೋಡಿ ಹುಡುಕಿದರು. ಪಕ್ಕಕ್ಕೆ ಸರಿಸಿದ ನನ್ನ ಎರಡು ಬೀಜಕ್ಕೂ ಒಂದು ಜೋಡಿ ಇರಬಹುದು ಅಂತ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ನನಗೆ ಅಳು ಬರಲಿಲ್ಲ. ಎದ್ದು ಹೋಗಿ ಕಾಫಿ ಮಾಡಿದೆ. ಅಮ್ಮನಿಗೆ ಸಕ್ಕರೆ ಜಾಸ್ತಿ ಬೇಕು, ಜಾಸ್ತಿಯೇ ಹಾಕಿದೆ. ಅವಳು ಲೋಟ ಹಿಡಿದುಕೊಂಡು, ಮದುವೆ ದೊಡ್ಡದಾಗಿ ಏನಿಲ್ಲ, ದೇವಸ್ಥಾನದಲ್ಲಿ ಬೆಳಿಗ್ಗೆ ತಾಳಿ ಕಟ್ಟಿಸಿ ಊಟ ಹಾಕಿ ಕಳಿಸೋದು, ಹೊರಗಿನವರನ್ನು ಕರೆಯಲ್ಲ, ಅಂತೆಲ್ಲ ಹೇಳುತ್ತಿದ್ದಳು. ನನ್ನ ಮನಸ್ಸಿಗೆ ನೋವಾಗಬಾರದು ಅಂತ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ನನ್ನ ಒಳಗೆ ಇನ್ನೂ ಒಂದು ಆಸೆ ಉಳಿದಿತ್ತು. ಮಗು ಬೇಡ, ಮಾವ ಬೇಡ, ಆ ಒಂದು ದಿನ ಮಾತ್ರ ಈ ಹೆಂಗಸು ನನ್ನ ತಾಯಿಯಾಗಿ ಇರಲಿ, ಈ ಮನೆಯಲ್ಲಿ ಬಾಗಿಲು ಹಾಕಿಕೊಂಡು ನನ್ನ ಪಕ್ಕ ಕೂತಿರಲಿ.

"ಅವತ್ತೊಂದಿನ ನೀನು ಇಲ್ಲಿಗೆ ಬಂದುಬುಡಮ್ಮ," ಅಂದೆ. "ನನ್ ಜೊತೆ ಇರು. ಅಲ್ಲಿಗೆ ಹೋಗ್ಬ್ಯಾಡ."

ಅಮ್ಮ ಲೋಟ ಕೆಳಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ.

"ನಾನಿಲ್ದಿದ್ರೆ ಕಳಸ ಯಾರ್ ಹಿಡೀತಾರೆ ಕಣೇ? ಅವನ್ಗೆ ಅಕ್ಕ ಅಂತ ಇರೋಳು ನಾನೊಬ್ಳೇ ಅಲ್ವಾ."